ಶೋಧ, ಜಪ್ತಿ ಮತ್ತು ಪಂಚರ ಸಹಿ: ಇತ್ತೀಚಿನ ತೀರ್ಪುಗಳ ಬೆಳಕಿನಲ್ಲಿ

ಪೊಲೀಸರು ಒಂದು ಮನೆಯನ್ನೋ ಅಂಗಡಿಯನ್ನೋ ಶೋಧಿಸಹೊರಟಾಗ ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರರೂ ಗೌರವಸ್ಥರೂ ಆದ ನಿವಾಸಿಗಳನ್ನು ಸಾಕ್ಷಿಗಳಾಗಿ ಕರೆಯತಕ್ಕದ್ದೆಂದು ಕಾನೂನು ವಿಧಿಸುತ್ತದೆ. ಹಳ್ಳಿಗಳಲ್ಲಿ ಈ ಎರಡು ವಿಶೇಷಣಗಳಿಗೂ ಹೊಂದುವವರೆಂದು ಸುಲಭವಾಗಿ ನೆನಪಿಗೆ ಬರುವವರು ಶಾಲೆಯ ಉಪಾಧ್ಯಾಯರು. ಹೀಗೆ ಕರೆಸಿಕೊಂಡವರ ಮುಂದೆ ಕೊನೆಗೆ ಒಂದು ಕಾಗದ ಬರುತ್ತದೆ. ಕರ್ನಾಟಕದಲ್ಲಿ ಅದು ಮಹಜರು, ಕಾಸರಗೋಡಿನಲ್ಲಿ ಮಹಸ್ಸರ್, ಹೊಸೂರು, ತಾಳವಾಡಿಗಳಲ್ಲಿ ಮಹಜರ್, ಸೊಲ್ಲಾಪುರ, ಅಕ್ಕಲಕೋಟೆ, ಆದೋನಿಗಳ ಕಡೆ ಪಂಚನಾಮೆ. ಹೆಸರು ಯಾವುದಾದರೂ ಆ ಬರಹ ಬಹುಮಟ್ಟಿಗೆ ಆಯಾ ರಾಜ್ಯದ ಭಾಷೆಯಲ್ಲಿರುತ್ತದೆ. ಮಲಯಾಳ, ಮರಾಠಿ, ತಮಿಳು ಅಥವಾ ತೆಲುಗನ್ನು ಸಂತೆಯಲ್ಲಿ ನಿರಾಯಾಸವಾಗಿ ಆಡಬಲ್ಲ ಕನ್ನಡಿಗನೂ ಠಾಣೆಯ ಬರವಣಿಗೆಯ ಮುಂದೆ ತಡವರಿಸುವುದುಂಟು. ಆ ಕಾಗದದ ಮೇಲೆ ಸಹಿ ಮಾಡುವವನು ಯಾವುದಕ್ಕೆ ಸಾಕ್ಷಿಯಾಗುತ್ತಿದ್ದಾನೆ ಎಂಬ ಪ್ರಶ್ನೆ ಆದ್ದರಿಂದ ನಮ್ಮ ಶಾಲೆಗಳ ಶಿಕ್ಷಕರಿಗೆ ದೂರದ್ದಲ್ಲ. ಶೋಧ ಮತ್ತು ಜಪ್ತಿಯ ಕಾನೂನನ್ನು, ಅದರ ಬಗೆಗೆ ನ್ಯಾಯಾಲಯಗಳು ಈಚೆಗೆ ನೀಡಿರುವ ತೀರ್ಪುಗಳನ್ನು ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಚೌಕಟ್ಟು

2024ರ ಜುಲೈ 1ರಿಂದ 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಹಳೆಯ ಸಂಹಿತೆಯ 93, 100, 102 ಮತ್ತು 165ನೆಯ ಕಲಂಗಳು ಹೊಸದರಲ್ಲಿ ಕ್ರಮವಾಗಿ 96, 103, 106 ಮತ್ತು 185 ಆಗಿವೆ. ಸಂಖ್ಯೆ ಬದಲಾದರೂ ತಿರುಳು ಬಹುಪಾಲು ಹಿಂದಿನದೇ. ಶೋಧಕ್ಕೆ ಸಾಮಾನ್ಯವಾಗಿ ನ್ಯಾಯಾಲಯದ ವಾರಂಟು ಬೇಕು. ವಿಳಂಬವಾದರೆ ವಸ್ತು ಕೈತಪ್ಪುವುದೆಂದು ನಂಬಲು ಕಾರಣವಿದ್ದಲ್ಲಿ ತನಿಖಾಧಿಕಾರಿಯು ಆ ಕಾರಣವನ್ನು ಮೊದಲು ಬರೆದಿಟ್ಟು ವಾರಂಟಿಲ್ಲದೆಯೂ ಶೋಧಿಸಬಹುದು. ಹಾಗೆ ಬರೆದ ದಾಖಲೆಯ ಪ್ರತಿಯನ್ನು ಹಿಂದೆ ‘ತಕ್ಷಣ’ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆಂದಷ್ಟೇ ಇತ್ತು. ಹೊಸ ಸಂಹಿತೆ ಅದಕ್ಕೆ 48 ಗಂಟೆಗಳ ಗಡುವನ್ನು ಹಾಕಿದೆ.

103ನೆಯ ಕಲಂ ಶಿಕ್ಷಕರು ಒಮ್ಮೆಯಾದರೂ ಪೂರ್ತಿ ಓದಿರಬೇಕಾದದ್ದು. ಶೋಧವು ಪಂಚರ ಸಮ್ಮುಖದಲ್ಲಿಯೇ ನಡೆಯತಕ್ಕದ್ದು. ವಶಪಡಿಸಿಕೊಂಡ ಪ್ರತಿಯೊಂದು ವಸ್ತುವನ್ನೂ ಅದು ದೊರೆತ ಸ್ಥಳವನ್ನೂ ಪಟ್ಟಿಯಲ್ಲಿ ನಮೂದಿಸಿ ಪಂಚರ ಸಹಿ ಪಡೆಯತಕ್ಕದ್ದು. ಮನೆಯಲ್ಲಿ ವಾಸವಿರುವವನಿಗಾಗಲಿ ಅವನ ಪರವಾಗಿರುವವನಿಗಾಗಲಿ ಶೋಧದ ಕಾಲದಲ್ಲಿ ಹಾಜರಿರಲು ಅವಕಾಶ ಕೊಟ್ಟು, ಸಹಿಯಾದ ಪಟ್ಟಿಯ ಪ್ರತಿಯನ್ನು ಅವನಿಗೆ ನೀಡತಕ್ಕದ್ದು. ಮಹಿಳೆಯ ದೇಹಶೋಧವನ್ನು ಮಹಿಳೆಯೇ, ಮರ್ಯಾದೆಗೆ ಕುಂದಾಗದಂತೆ ಮಾಡತಕ್ಕದ್ದು. ಪಂಚನನ್ನು ನ್ಯಾಯಾಲಯವು ವಿಶೇಷವಾಗಿ ಸಮನ್ಸು ಕಳುಹಿಸಿ ಕರೆದ ಹೊರತು ಸಾಕ್ಷಿಯಾಗಿ ಬರಬೇಕೆಂದು ಬಲವಂತಪಡಿಸುವಂತಿಲ್ಲ. ಆದರೆ ಲಿಖಿತ ಆದೇಶ ಕೊಟ್ಟು ಪಂಚನಾಗಿ ಬರಹೇಳಿದಾಗ ಸಕಾರಣವಿಲ್ಲದೆ ನಿರಾಕರಿಸುವುದು ಅಪರಾಧ. ‘ಲಿಖಿತ ಆದೇಶ’ ಎಂಬ ಮಾತನ್ನು ಗಮನಿಸಬೇಕು. ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆದಾಗ ಈ ದಂಡನೆಯ ಭಯಕ್ಕೆ ಎಡೆಯಿಲ್ಲ.

ನಿಜವಾಗಿ ಹೊಸದಾಗಿರುವುದು 105ನೆಯ ಕಲಂ. ಶೋಧ, ಜಪ್ತಿ, ಪಟ್ಟಿಯ ತಯಾರಿ, ಪಂಚರ ಸಹಿ ಇವೆಲ್ಲವನ್ನೂ ಧ್ವನಿ ಮತ್ತು ದೃಶ್ಯ ಸಹಿತ, ಆದಷ್ಟೂ ಮೊಬೈಲ್ ಫೋನಿನಲ್ಲಿಯೇ, ಚಿತ್ರೀಕರಿಸಿ ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆಂದು ಅದು ಹೇಳುತ್ತದೆ. ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡು ಅನಂತರ ತುಂಬುವ ಹಳೆಯ ದೂರಿಗೆ ಇದರಿಂದ ಮಟ್ಟಿಗೆ ತಡೆ ಬೀಳಬಹುದು. ಪಟ್ಟಿಯನ್ನು ಓದಿ ಹೇಳಿದರೋ ಇಲ್ಲವೋ, ಯಾವ ಭಾಷೆಯಲ್ಲಿ ಹೇಳಿದರು ಎಂಬುದೂ ಇನ್ನು ಮುಂದೆ ಚಿತ್ರಿಕೆಯಲ್ಲಿ ಉಳಿಯುತ್ತದೆ. ಗಡಿನಾಡಿನ ಪಂಚನಿಗೆ ಈ ಎರಡನೆಯ ಪ್ರಯೋಜನವೇ ಹೆಚ್ಚಿನದು.

ಮನೆಯ ಬಾಗಿಲಿನಿಂದ ಮನುಷ್ಯನೆಡೆಗೆ

ಶೋಧಿಸುವ ಅಧಿಕಾರಕ್ಕೆ ಸಂವಿಧಾನದ ಮಿತಿಯೇನಾದರೂ ಇದೆಯೇ? ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯದ ಎಂಟು ನ್ಯಾಯಾಧೀಶರ ಪೀಠ 1954ರಲ್ಲಿ, ಎಂ.ಪಿ. ಶರ್ಮಾ ಮೊಕದ್ದಮೆಯಲ್ಲಿ ಎದುರಿಸಿತು. ಅಮೆರಿಕದ ಸಂವಿಧಾನದ ನಾಲ್ಕನೆಯ ತಿದ್ದುಪಡಿಯಂತಹ ರಕ್ಷಣೆಯನ್ನು ನಮ್ಮ ಸಂವಿಧಾನಕರ್ತರು ಸೇರಿಸಿಲ್ಲ. ಅದನ್ನು ವ್ಯಾಖ್ಯಾನದ ಮೂಲಕ ಆಮದು ಮಾಡಿಕೊಳ್ಳಲಾಗದು ಎಂಬುದು ಆಗಿನ ಉತ್ತರ. ಅರುವತ್ತಮೂರು ವರ್ಷ ಆ ಮಾತು ನಿಂತಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಸಾರಿ, 1954ರ ತೀರ್ಪಿನಲ್ಲಿ ಅದಕ್ಕೆ ವಿರುದ್ಧವಾಗಿದ್ದ ಭಾಗವನ್ನು ರದ್ದುಪಡಿಸಿತು. ಆ ಮೊಕದ್ದಮೆಗೆ ತಮ್ಮ ಹೆಸರನ್ನಿತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರು.

ಈ ಎರಡರ ನಡುವೆ ಬಂದ ಇನ್ನೊಂದು ತೀರ್ಪು ಅಷ್ಟಾಗಿ ಪ್ರಸಿದ್ಧವಲ್ಲ. ಆದರೆ ಆಂಧ್ರ ಮತ್ತು ತೆಲಂಗಾಣದ ಶಿಕ್ಷಕರಿಗೆ ಅದು ತಮ್ಮ ನಾಡಿನದೇ. ಅವಿಭಜಿತ ಆಂಧ್ರ ಪ್ರದೇಶವು ಮುದ್ರಾಂಕ ಕಾಯಿದೆಗೆ ತಿದ್ದುಪಡಿ ತಂದು, ಮುದ್ರಾಂಕ ಶುಲ್ಕ ಸರಿಯಾಗಿ ಪಾವತಿಯಾಗಿದೆಯೇ ಎಂದು ನೋಡಲು ಕಲೆಕ್ಟರರಿಂದ ಅಧಿಕಾರ ಪಡೆದ ಯಾರು ಬೇಕಾದರೂ ಬ್ಯಾಂಕಿನಲ್ಲಿರುವ ಗ್ರಾಹಕರ ಪತ್ರಗಳನ್ನು ಪರಿಶೀಲಿಸಬಹುದೆಂದು ಮಾಡಿತ್ತು. ಕೆನರಾ ಬ್ಯಾಂಕಿನ ಮೊಕದ್ದಮೆಯಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿಯಮ ಸಿಂಧುವಲ್ಲವೆಂದಿತು. ಖಾಸಗಿತನವು ಸ್ಥಳಕ್ಕಲ್ಲ, ವ್ಯಕ್ತಿಗೆ ಸೇರಿದ್ದು. ಪತ್ರವನ್ನು ಬ್ಯಾಂಕಿನಲ್ಲಿಟ್ಟ ಮಾತ್ರಕ್ಕೆ ಅದರ ಮೇಲಿನ ಗೌಪ್ಯದ ಹಕ್ಕು ಕಳೆದುಹೋಗುವುದಿಲ್ಲ ಎಂಬುದು ಅದರ ತತ್ತ್ವ. ಇಂದು ಫೋನು, ಮಿಂಚಂಚೆ, ಬ್ಯಾಂಕು ಖಾತೆಗಳ ಬಗೆಗೆ ನಡೆಯುತ್ತಿರುವ ವಾದಗಳಿಗೆಲ್ಲ ಈ ತತ್ತ್ವವೇ ತಳಹದಿ.

ತಿಳಿಸಬೇಕಾದ ಹಕ್ಕು

ಶೋಧಕ್ಕೆ ಒಳಗಾಗುವವನಿಗೆ ಅವನ ಹಕ್ಕನ್ನು ಬಾಯಿಬಿಟ್ಟು ತಿಳಿಸಲೇಬೇಕೆಂದು ನಿಷ್ಠುರವಾಗಿ ವಿಧಿಸುವ ಕಾನೂನು 1985ರ ಮಾದಕ ವಸ್ತುಗಳ ಕಾಯಿದೆ. ಅದರ 50ನೆಯ ಕಲಮಿನ ಪ್ರಕಾರ ದೇಹಶೋಧಕ್ಕೆ ಒಳಗಾಗುವವನು ಬಯಸಿದರೆ ಅವನನ್ನು ಸಮೀಪದ ಪತ್ರಾಂಕಿತ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಬೇಕು. ಬಯಸುವ ಹಕ್ಕಿದೆ ಎಂಬುದೇ ತಿಳಿಯದವನು ಬಯಸುವುದಾದರೂ ಹೇಗೆ? 1999ರಲ್ಲಿ ಬಲದೇವ ಸಿಂಗ್ ಮೊಕದ್ದಮೆಯಲ್ಲಿಯೂ 2010ರಲ್ಲಿ ವಿಜಯಸಿಂಹ ಜಡೇಜಾ ಮೊಕದ್ದಮೆಯಲ್ಲಿಯೂ ಸಂವಿಧಾನ ಪೀಠಗಳು ಈ ತರ್ಕವನ್ನೇ ಹಿಡಿದು, ಹಕ್ಕನ್ನು ತಿಳಿಸುವುದು ಅಧಿಕಾರಿಯ ಕರ್ತವ್ಯವೆಂದವು. 2010ರ ಪೀಠವು ‘ಸರಿಸುಮಾರು ಪಾಲಿಸಿದರೆ ಸಾಕು’ ಎಂಬ ವಾದವನ್ನು ತಳ್ಳಿಹಾಕಿ, ಕಟ್ಟುನಿಟ್ಟಾದ ಪಾಲನೆಯೇ ಆಗಬೇಕೆಂದಿತು. 2014ರಲ್ಲಿ ರಾಜಸ್ಥಾನದ ಒಂದು ಮೊಕದ್ದಮೆಯಲ್ಲಿ ಇಬ್ಬರು ಆರೋಪಿಗಳಿಗೆ ಒಟ್ಟಾಗಿ ಹಕ್ಕನ್ನು ತಿಳಿಸಿ, ಇಬ್ಬರ ಪರವಾಗಿಯೂ ಒಬ್ಬನ ಸಹಿಯನ್ನಷ್ಟೇ ಪಡೆಯಲಾಗಿತ್ತು. ಹಕ್ಕು ಪ್ರತಿಯೊಬ್ಬನದೂ ಬೇರೆಬೇರೆ, ತಿಳಿಸುವುದೂ ಬೇರೆಬೇರೆಯಾಗಿಯೇ ಆಗಬೇಕೆಂದು ನ್ಯಾಯಾಲಯ ನಿರ್ಣಯಿಸಿತು.

2023ರ ಅಕ್ಟೋಬರ್‌ನಲ್ಲಿ ಬಂದ ರಂಜನ್ ಕುಮಾರ್ ಚಡ್ಡಾ ತೀರ್ಪು ಈ ಹಕ್ಕಿನ ಎಲ್ಲೆಯನ್ನು ಗುರುತಿಸಿತು. 50ನೆಯ ಕಲಂ ದೇಹಶೋಧಕ್ಕೆ ಮಾತ್ರ ಅನ್ವಯಿಸುತ್ತದೆ. ಹೆಗಲಿಗೆ ಹಾಕಿಕೊಂಡ ಚೀಲಕ್ಕಾಗಲಿ ಕೈಯಲ್ಲಿ ಹಿಡಿದ ಪೆಟ್ಟಿಗೆಗಾಗಲಿ ಅಲ್ಲ. ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರೆಂಬ ಎರಡು ಆಯ್ಕೆಗಳ ಜೊತೆಗೆ ‘ಅಥವಾ ನಮ್ಮಿಂದಲೇ ಶೋಧಿಸಿಕೊಳ್ಳಬಹುದು’ ಎಂಬ ಮೂರನೆಯದನ್ನು ಪೊಲೀಸರು ಮುಂದಿಡುವಂತಿಲ್ಲ ಎಂದೂ ಅದು ಹೇಳಿತು. ದೇಹಕ್ಕೂ ಹೆಗಲ ಚೀಲಕ್ಕೂ ಇಷ್ಟು ದೊಡ್ಡ ಗೆರೆ ಎಳೆಯುವುದು ಸಾಮಾನ್ಯ ವಿವೇಕಕ್ಕೆ ಅಷ್ಟು ಸುಲಭವಾಗಿ ಒಪ್ಪುವಂತಹದಲ್ಲ. ಆದರೂ ಇಂದಿನ ಕಾನೂನು ಅದೇ.

ತಿಳಿಸುವುದೆಂದರೆ ತಿಳಿಯುವ ಭಾಷೆಯಲ್ಲಿ

ತಿಳಿಸಬೇಕೆಂಬ ಕರ್ತವ್ಯದ ಬೆನ್ನಿಗೇ ಭಾಷೆಯ ಪ್ರಶ್ನೆ ಬರುತ್ತದೆ. 1962ರಷ್ಟು ಹಿಂದೆಯೇ ಹರಿಕಿಶನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಪರಿಶೀಲಿಸಿತ್ತು. ಮಹಾರಾಷ್ಟ್ರದಲ್ಲಿ ಮುನ್ನೆಚ್ಚರಿಕೆಯ ಬಂಧನಕ್ಕೊಳಗಾದ ಅವನಿಗೆ ಹಿಂದಿ ಮಾತ್ರ ಬರುತ್ತಿತ್ತು. ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ಇಂಗ್ಲಿಷು ಆಡಳಿತ ಭಾಷೆಯೆಂಬ ಸರ್ಕಾರದ ಸಮಜಾಯಿಷಿಯನ್ನು ನ್ಯಾಯಾಲಯ ಒಪ್ಪಲಿಲ್ಲ. ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಅವನು ಓದಬಲ್ಲ ಲಿಪಿಯಲ್ಲಿ ಕಾರಣಗಳು ತಲುಪದಿದ್ದರೆ ಸಂವಿಧಾನದ 22ನೆಯ ಅನುಚ್ಛೇದವನ್ನು ಪಾಲಿಸಿದಂತಾಗದೆಂದು ಹೇಳಿ ಬಿಡುಗಡೆ ಮಾಡಿಸಿತು. 1980ರಲ್ಲಿ ಗುಜರಾತಿಯಷ್ಟೇ ಬಲ್ಲ ಒಬ್ಬನಿಗೆ ಇಂಗ್ಲಿಷ್ ಕಾಗದವನ್ನು ಕೊಟ್ಟು ಬಾಯಿಮಾತಿನಲ್ಲಿ ಗುಜರಾತಿಯಲ್ಲಿ ವಿವರಿಸಿದ್ದೂ ಸಾಲದೆಂದಿತು.

ಇವು ಮುನ್ನೆಚ್ಚರಿಕೆಯ ಬಂಧನದ ಸಂದರ್ಭಗಳು. ಸಾಮಾನ್ಯ ಅಪರಾಧಗಳ ದಸ್ತಗಿರಿಗೆ ಈ ತತ್ತ್ವ ಪೂರ್ಣವಾಗಿ ಬಂದದ್ದು ತೀರ ಈಚೆಗೆ. 2023ರ ಅಕ್ಟೋಬರ್‌ನ ಪಂಕಜ್ ಬನ್ಸಲ್ ತೀರ್ಪು ಹಣ ಅಕ್ರಮ ವರ್ಗಾವಣೆಯ ಮೊಕದ್ದಮೆಗಳಲ್ಲಿ ದಸ್ತಗಿರಿಯ ಕಾರಣಗಳನ್ನು ಲಿಖಿತವಾಗಿ ಕೊಡಬೇಕೆಂದಿತು. 2025ರ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಮೊಕದ್ದಮೆಯಲ್ಲಿ ಅದು ಎಲ್ಲ ಅಪರಾಧಗಳಿಗೂ ವಿಸ್ತರಿಸಿತು. ಕಾರಣಗಳನ್ನು ಬರಹದಲ್ಲಿ, ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಕೊಡತಕ್ಕದ್ದು. ಕೂಡಲೇ ಸಾಧ್ಯವಾಗದಿದ್ದಲ್ಲಿ ಬಾಯಿಮಾತಿನಲ್ಲಿ ಹೇಳಿ, ರಿಮ್ಯಾಂಡಿಗಾಗಿ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಬರಹವನ್ನು ಒಪ್ಪಿಸತಕ್ಕದ್ದು. ತಪ್ಪಿದರೆ ದಸ್ತಗಿರಿಯೂ ರಿಮ್ಯಾಂಡೂ ಕಾನೂನುಬಾಹಿರ. ಸಂವಿಧಾನದ 141ನೆಯ ಅನುಚ್ಛೇದದ ಪ್ರಕಾರ ಈ ನಿರ್ಣಯ ಭಾರತದ ಎಲ್ಲ ನ್ಯಾಯಾಲಯಗಳನ್ನೂ ಬಂಧಿಸುತ್ತದೆ. ತಾಳವಾಡಿಯ ಬೆಟ್ಟದೂರಿನಲ್ಲಿ ಕನ್ನಡವನ್ನಷ್ಟೇ ಓದಬಲ್ಲ ಒಬ್ಬನನ್ನು ಹಿಡಿದಾಗ ತಮಿಳಿನ ಕಾಗದವೊಂದನ್ನು ಕೈಗಿತ್ತರೆ ಈ ತೀರ್ಪಿನಂತೆ ಕಾರಣ ತಿಳಿಸಿದಂತಾಗುವುದಿಲ್ಲ.

ಶೋಧದ ಪಟ್ಟಿಗೆ ಇದೇ ಮಾತು ಅನ್ವಯವಾಗುವುದೇ? 103ನೆಯ ಕಲಮಿನಲ್ಲಿ ಭಾಷೆಯ ಉಲ್ಲೇಖವಿಲ್ಲ; ಮೇಲಿನ ತೀರ್ಪುಗಳು ಬಂಧನವನ್ನು ಕುರಿತವೇ ಹೊರತು ಶೋಧವನ್ನು ಕುರಿತವಲ್ಲ. ಶಿಕ್ಷಕರು ತರಗತಿಯಲ್ಲಾಗಲಿ ಪೋಷಕರಿಗಾಗಲಿ ವಿವರಿಸುವಾಗ ಇವೆರಡನ್ನು ಬೆರೆಸಬಾರದು. ಆದರೆ ಪಂಚನ ಪಾತ್ರದ ಅರ್ಥವನ್ನು ನೋಡಿದರೆ, ಓದಿ ತಿಳಿಯದ ಪಟ್ಟಿಗೆ ಹಾಕಿದ ಸಹಿಯ ಬೆಲೆ ಪಾಟೀಸವಾಲಿನ ಮೊದಲ ಪ್ರಶ್ನೆಯಲ್ಲಿಯೇ ಕುಸಿಯುತ್ತದೆ. ‘ಇದರಲ್ಲಿ ಏನು ಬರೆದಿದೆ?’ ಎಂದು ವಕೀಲರು ಕೇಳಿದಾಗ ‘ಗೊತ್ತಿಲ್ಲ’ ಎಂದ ಪಂಚನಿಂದ ಆರೋಪಿಗೂ ನ್ಯಾಯ ದೊರೆಯದು, ಪ್ರಾಸಿಕ್ಯೂಷನ್ನಿಗೂ ಉಪಕಾರವಾಗದು. ಇನ್ನು ವಿಚಾರಣೆಯ ಹಂತಕ್ಕೆ ಬಂದರೆ ಕಾನೂನು ಸ್ಪಷ್ಟವಾಗಿದೆ: ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯ ನುಡಿದಾಗ ಅದನ್ನು ತೆರೆದ ನ್ಯಾಯಾಲಯದಲ್ಲಿ ಅವನಿಗೆ ತಿಳಿಯುವ ಭಾಷೆಗೆ ಅನುವಾದಿಸಿ ಹೇಳಬೇಕೆಂದು ಹೊಸ ಸಂಹಿತೆಯ 314ನೆಯ ಕಲಂ ವಿಧಿಸುತ್ತದೆ.

ಫೋನೆಂಬ ಮನೆ

ಹಿಂದೆ ಶೋಧವೆಂದರೆ ಕಪಾಟು, ಪೆಟ್ಟಿಗೆ, ಅಟ್ಟ. ಈಗ ಮೊದಲು ಕೇಳುವುದು ಫೋನನ್ನು. ಒಂದು ಫೋನಿನಲ್ಲಿ ಅದರ ಒಡೆಯನದಷ್ಟೇ ಅಲ್ಲದೆ ಅವನೊಡನೆ ಮಾತಾಡಿದ ನೂರಾರು ಮಂದಿಯ ಬದುಕಿರುತ್ತದೆ. ಶಿಕ್ಷಕರ ಫೋನಿನಲ್ಲಾದರೆ ಇಡೀ ತರಗತಿಯ ಮಕ್ಕಳ ಚಿತ್ರಗಳು, ಪೋಷಕರ ದೂರವಾಣಿ ಸಂಖ್ಯೆಗಳು.

ಈ ವಿಷಯದಲ್ಲಿ ವಿಸ್ತಾರವಾಗಿ ವಿಚಾರಮಾಡಿದ ತೀರ್ಪು ಕರ್ನಾಟಕ ಉಚ್ಚ ನ್ಯಾಯಾಲಯದ್ದು. 2021ರ ಮಾರ್ಚ್‌ನ ವೀರೇಂದ್ರ ಖನ್ನಾ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ಫೋನು ಅಥವಾ ಗಣಕಯಂತ್ರದ ಒಳಗನ್ನು ಶೋಧಿಸಲು ಸಾಮಾನ್ಯವಾಗಿ ಶೋಧ ವಾರಂಟು ಅಗತ್ಯವೆಂದೂ, ತುರ್ತಿನಲ್ಲಿ ವಾರಂಟಿಲ್ಲದೆ ಶೋಧಿಸುವುದಾದರೆ ಕಾರಣ ಬರೆದಿಡಬೇಕೆಂದೂ ಹೇಳಿದರು. ತನಿಖೆಯಲ್ಲಿ ದೊರೆತ ಖಾಸಗಿ ಮಾಹಿತಿಯನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮೂರನೆಯವರಿಗೆ ಕೊಡಬಾರದೆಂದೂ, ಉಪಕರಣವನ್ನು ಕೆಡಿಸದಂತೆ ವಶಪಡಿಸಿಕೊಳ್ಳುವ ಕ್ರಮವನ್ನೂ ತಿಳಿಸಿದರು. ಆದರೆ ಅದೇ ತೀರ್ಪು, ಗುಪ್ತಪದವನ್ನು ಕೊಡುವಂತೆ ನ್ಯಾಯಾಲಯ ಆದೇಶಿಸಬಹುದು, ಅದು ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿದಂತಾಗದು ಎಂದೂ ಹೇಳಿದೆ. ಬೆರಳಚ್ಚನ್ನು ಕೊಡುವುದಕ್ಕೆ ಗುಪ್ತಪದವನ್ನು ಹೋಲಿಸುವುದು ಒಪ್ಪುವಂತಹದಲ್ಲ. ಬೆರಳಚ್ಚು ದೇಹದಲ್ಲಿದೆ, ಗುಪ್ತಪದವಿರುವುದು ಮನಸ್ಸಿನಲ್ಲಿ. ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಸೆಲ್ವಿ ಮೊಕದ್ದಮೆಯಲ್ಲಿ ಹೇಳಿದ್ದು ಈ ವ್ಯತ್ಯಾಸವನ್ನೇ ಆಧರಿಸಿ. ದೆಹಲಿಯ ವಿಶೇಷ ಸಿಬಿಐ ನ್ಯಾಯಾಲಯವೊಂದು 2022ರಲ್ಲಿ ಕರ್ನಾಟಕದ ಅಭಿಪ್ರಾಯಕ್ಕೆ ವಿರುದ್ಧವಾದ ನಿಲುವು ತಳೆದಿದೆ.

ಇಲ್ಲಿ ಗಡಿನಾಡಿನವರು ಮರೆಯಬಾರದ ಒಂದು ಸಂಗತಿಯಿದೆ. ಉಚ್ಚ ನ್ಯಾಯಾಲಯದ ತೀರ್ಪು ತನ್ನ ವ್ಯಾಪ್ತಿಯೊಳಗಿನ ನ್ಯಾಯಾಲಯಗಳನ್ನಷ್ಟೇ ಬಂಧಿಸುತ್ತದೆ. ಹೊರಗೆ ಅದಕ್ಕೆ ಮಾರ್ಗದರ್ಶನದ ಬೆಲೆ ಮಾತ್ರ. ಬೆಂಗಳೂರಿನ ಕನ್ನಡ ಪತ್ರಿಕೆಯಲ್ಲಿ ಓದಿದ ತೀರ್ಪು ಹೊಸೂರಿಗೆ ಅನ್ವಯಿಸುವುದೆಂದು ಭಾವಿಸಬಾರದು. ಹೊಸೂರು, ತಾಳವಾಡಿ, ನೀಲಗಿರಿಗಳು ಮದ್ರಾಸು ಉಚ್ಚ ನ್ಯಾಯಾಲಯಕ್ಕೆ, ಕಾಸರಗೋಡು ಮತ್ತು ವಯನಾಡು ಕೇರಳದ್ದಕ್ಕೆ, ಆದೋನಿ, ರಾಯದುರ್ಗ, ಮಡಕಶಿರಗಳು ಆಂಧ್ರದ್ದಕ್ಕೆ ಸೇರಿವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಸೇರಿದ್ದು, 2025ರ ಆಗಸ್ಟ್‌ನಿಂದ ಅದರ ಪೀಠ ಕೊಲ್ಹಾಪುರದಲ್ಲಿಯೇ ಕುಳಿತುಕೊಳ್ಳುತ್ತಿದೆ. ಕೇರಳ ಉಚ್ಚ ನ್ಯಾಯಾಲಯವು 2023ರಲ್ಲಿ ಪತ್ರಕರ್ತನೊಬ್ಬನ ಫೋನಿನ ಪ್ರಕರಣದಲ್ಲಿ, ಸಂಹಿತೆಯ ಕ್ರಮವನ್ನು ಪಾಲಿಸದೆ ಫೋನನ್ನು ಕಸಿದುಕೊಳ್ಳುವಂತಿಲ್ಲ ಎಂದಿದೆ. ವಂಚನೆಯ ಹಣ ಬಂದಿತೆಂಬ ಶಂಕೆಯ ಮೇಲೆ ಖಾತೆಗಳನ್ನು ಪೂರ್ತಿಯಾಗಿ ಸ್ತಂಭನಗೊಳಿಸಿದ್ದಾಗ, ಪೊಲೀಸರು ನಮೂದಿಸಿದ ಮೊತ್ತಕ್ಕಷ್ಟೇ ಅದನ್ನು ಮಿತಿಗೊಳಿಸಬೇಕೆಂದು ಬ್ಯಾಂಕುಗಳಿಗೆ ನಿರ್ದೇಶಿಸಿದ್ದೂ ಅದೇ ವರ್ಷ, ಅದೇ ನ್ಯಾಯಾಲಯ.

ಸರ್ವೋಚ್ಚ ನ್ಯಾಯಾಲಯವು 2023ರ ನವೆಂಬರ್‌ನಲ್ಲಿ, ಉಪಕರಣಗಳ ಮೇಲೆ ತನಿಖಾ ಸಂಸ್ಥೆಗಳಿಗೆ ಎಲ್ಲೆಯಿಲ್ಲದ ಅಧಿಕಾರವಿರುವುದು ಅಪಾಯಕಾರಿಯೆಂದು ಹೇಳಿ ಮಾರ್ಗಸೂಚಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅದು ಸಿದ್ಧವಾಗುವವರೆಗೆ ಸಿಬಿಐ ಕೈಪಿಡಿಯ ಕ್ರಮವನ್ನು ಅನುಸರಿಸುವುದಾಗಿ ಕೇಂದ್ರ ಡಿಸೆಂಬರ್‌ನಲ್ಲಿ ತಿಳಿಸಿತು.

ಕ್ರಮ ತಪ್ಪಿದರೆ ಏನಾಗುತ್ತದೆ?

ಇಷ್ಟೆಲ್ಲ ನಿಯಮಗಳನ್ನು ಓದಿದ ವಿದ್ಯಾರ್ಥಿ ಸಹಜವಾಗಿ ಕೇಳುವ ಪ್ರಶ್ನೆ ಇದು. ಇದಕ್ಕೆ ಉತ್ತರ ಅವನಿಗೆ ನಿರಾಸೆ ತರಬಹುದು. ಕಾನೂನುಬಾಹಿರ ಶೋಧದಲ್ಲಿ ದೊರೆತ ಸಾಕ್ಷ್ಯವನ್ನು ಅಮೆರಿಕದ ನ್ಯಾಯಾಲಯಗಳು ಸಾಮಾನ್ಯವಾಗಿ ಹೊರಗಿಡುತ್ತವೆ. 1961ರಿಂದ ಅಲ್ಲಿನ ರಾಜ್ಯಗಳ ನ್ಯಾಯಾಲಯಗಳಿಗೂ ಇದೇ ನಿಯಮ. ನಮ್ಮಲ್ಲಿ ಹಾಗಲ್ಲ. 1973ರ ಡಿಸೆಂಬರ್‌ನಲ್ಲಿ ಪೂರಣ್ ಮಲ್ ಮೊಕದ್ದಮೆಯ ಸಂವಿಧಾನ ಪೀಠವು, ಶೋಧ ಕ್ರಮಬಾಹಿರವಾಗಿದ್ದರೂ ಅದರಲ್ಲಿ ದೊರೆತ ಸಾಕ್ಷ್ಯವು ಪ್ರಸ್ತುತವಾಗಿದ್ದರೆ ಸಾಕು, ಯಾವುದೇ ಕಾನೂನು ಸ್ಪಷ್ಟವಾಗಿ ನಿಷೇಧಿಸದ ಹೊರತು ಅದನ್ನು ಸ್ವೀಕರಿಸಬಹುದೆಂದಿತು. ಮಾದಕ ವಸ್ತುಗಳ ಕಾಯಿದೆಯ 50ನೆಯ ಕಲಂ ಇದಕ್ಕೆ ದೊಡ್ಡ ಅಪವಾದ. ಅಲ್ಲಿ ಹಕ್ಕನ್ನು ತಿಳಿಸದೆ ದೇಹದಿಂದ ತೆಗೆದ ವಸ್ತುವಿನ ಮೇಲೆಯೇ ನಿಂತ ಶಿಕ್ಷೆ ಉಳಿಯದು. ಉಳಿದೆಡೆಗಳಲ್ಲಿ ಕ್ರಮಭಂಗವು ಸಾಕ್ಷ್ಯವನ್ನು ಹೊರಹಾಕುವುದಿಲ್ಲ, ಅದರ ಮೇಲಿನ ನಂಬಿಕೆಯನ್ನು ಮಾತ್ರ ಕುಗ್ಗಿಸುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದ ಮೇಲೂ ಅರ್ಧ ಶತಮಾನದ ಹಿಂದಿನ ಈ ನಿಲುವು ಹಾಗೆಯೇ ಉಳಿದಿರುವುದು ನಮ್ಮ ಶೋಧ ಕಾನೂನಿನ ದುರ್ಬಲ ಕೊಂಡಿ.

ಆದ್ದರಿಂದಲೇ ಪಂಚನಾದವನ ತೂಕ ಹೆಚ್ಚು. ನ್ಯಾಯಾಲಯವು ಸಾಕ್ಷ್ಯವನ್ನು ಬಾಗಿಲಲ್ಲಿಯೇ ತಡೆಯದೆ ಒಳಗೆ ಬಿಟ್ಟುಕೊಂಡು ತೂಗುವುದಾದರೆ, ಆ ತಕ್ಕಡಿಯಲ್ಲಿ ಬೀಳುವುದು ಪಂಚನ ಮಾತು, ಪಟ್ಟಿ ಮತ್ತು ಚಿತ್ರಿಕೆ. ಕರೆ ಬಂದಾಗ ಶಿಕ್ಷಕರು ಲಿಖಿತ ಆದೇಶವನ್ನು ವಿನಯದಿಂದ ಕೇಳಿ ಪಡೆಯಬಹುದು. ಆರಂಭದಿಂದ ಕೊನೆಯವರೆಗೆ ಸ್ಥಳದಲ್ಲಿದ್ದು, ಕಂಡದ್ದಕ್ಕೆ ಮಾತ್ರ ಸಾಕ್ಷಿಯಾಗಬೇಕು. ಪಟ್ಟಿ ತಿಳಿಯದ ಭಾಷೆಯಲ್ಲಿದ್ದರೆ ಚಿತ್ರೀಕರಣ ನಡೆಯುತ್ತಿರುವಾಗಲೇ ಓದಿ ಅರ್ಥ ಹೇಳಿಸಿಕೊಳ್ಳಬೇಕು. ಖಾಲಿ ಉಳಿದ ಸ್ಥಳಗಳಿಗೆ ಗೀಟು ಹಾಕಿಸಬೇಕು. ಸಹಿಯನ್ನು ಕನ್ನಡದಲ್ಲಿ ಮಾಡಲು ಅಡ್ಡಿಯಿಲ್ಲ. ಅದರ ಮೇಲೆ ತಾರೀಖು ಮತ್ತು ವೇಳೆಯನ್ನು ಹಾಕಿ, ‘ಈ ಪಟ್ಟಿಯನ್ನು ಕನ್ನಡದಲ್ಲಿ ಓದಿ ಹೇಳಿದ್ದನ್ನು ಕೇಳಿ ಸಹಿ ಮಾಡಿದ್ದೇನೆ’ ಎಂದೋ, ಓದಿ ಹೇಳದಿದ್ದರೆ ‘ಓದಿ ಹೇಳಿಲ್ಲ’ ಎಂದೋ ಒಂದು ಸಾಲನ್ನು ಸ್ವಹಸ್ತದಿಂದ ಬರೆಯಬಹುದು. ಬರೆಯಗೊಡದಿದ್ದರೆ ಆ ಸಂಗತಿಯನ್ನು ಅಂದೇ ಬೇರೆ ಹಾಳೆಯಲ್ಲಿ ಬರೆದು ಮೇಲಧಿಕಾರಿಗೆ ಸಲ್ಲಿಸಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ಅನುಚ್ಛೇದ ಕೊಟ್ಟಿರುವುದರಿಂದ ಆ ಪತ್ರವೂ ಕನ್ನಡದಲ್ಲಿಯೇ ಇರಬಹುದು.